ಗಾರ್ಡನ್ ವ್ಯೂ ರೂಮಿನ ಪಿತ್ತಕೋಶ

ಅಪ್ಪನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ತಿಪಟೂರಿನ ಹತ್ತಿರ ಮೂರು ಎಕರೆ ತೆಂಗಿನ ತೋಟದಲ್ಲಿ ಐವತ್ತು ವರ್ಷ ಕಲ್ಲು ಆರಿಸಿದ ಮನುಷ್ಯ. "ಹೊರಗಿನದ್ದು ನಾನು ಆರಿಸಿದೆ, ಒಳಗಿನದ್ದು ಅವರು ಆರಿಸ್ಲಿ" ಅಂತ ಬಸ್ ಹತ್ತಿ ಬೆಂಗಳೂರಿಗೆ ಬಂದ.

ಅಡ್ಮಿಷನ್ ಕೌಂಟರಿನ ಹುಡುಗಿ ಎರಡು ರೂಮ್ ತೋರಿಸಿದಳು. 'ಸಿಟಿ ವ್ಯೂ' ದಿನಕ್ಕೆ 5,000. 'ಗಾರ್ಡನ್ ವ್ಯೂ' 8,000. ಸಿಟಿ ವ್ಯೂ ಅಂದ್ರೆ ಏನಪ್ಪಾ ಅಂತ ಇಣುಕಿ ನೋಡಿದೆ. ಎದುರಿಗೆ ಜನರೇಟರ್. ಅದರ ಹಿಂದೆ ಪಕ್ಕದ ಕಟ್ಟಡದ ಬೆನ್ನು. ಬೆನ್ನ ತುಂಬ ಎಸಿ ಡಬ್ಬಗಳು. ಹೆಸರಲ್ಲಿ ಸುಳ್ಳೇನೂ ಇಲ್ಲ, ನಮ್ಮ ಸಿಟಿ ಇರೋದೇ ಹಾಗೆ.

ನಾನು ಗಾರ್ಡನ್ ವ್ಯೂಗೆ ಸಹಿ ಹಾಕಿದೆ. ಅದಕ್ಕೆ ಕಾರಣ ನನ್ನ ಓದು. ಅಮೆರಿಕದ ರೋಜರ್ ಉಲ್ರಿಚ್ ಅನ್ನೋ ಸಂಶೋಧಕ 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದಿದ್ದ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ಕಡತಗಳನ್ನು ತೆಗೆದು ನೋಡಿದ. ಎಲ್ಲರಿಗೂ ಪಿತ್ತಕೋಶದ್ದೇ ಆಪರೇಷನ್. 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, 23 ಜನರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರದಲ್ಲಿ ಎಲೆ ಇರೋ ತಿಂಗಳುಗಳ ರೋಗಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ, ಅಷ್ಟು ಕಟ್ಟುನಿಟ್ಟು. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರು ಬಲವಾದ ನೋವಿನ ಮದ್ದು ಕಡಿಮೆ ತೆಗೆದುಕೊಂಡರು. ನರ್ಸುಗಳ ಟಿಪ್ಪಣಿಯಲ್ಲಿ ಅವರ ಬಗ್ಗೆ ಅಳು, ಗೊಣಗಾಟದ ಸುದ್ದಿಯೂ ಕಡಿಮೆ.

ಪಿತ್ತಕೋಶ ಅಂದ ತಕ್ಷಣ ನನಗೆ ನೆನಪಾಗಿದ್ದು ಇದೇ. ನಲವತ್ತು ವರ್ಷದ ಹಿಂದಿನ ಸಂಶೋಧನೆ ನಮ್ಮಪ್ಪನಿಗೇ ಅಂತ ಕಾದು ಕೂತಿದ್ದ ಹಾಗನ್ನಿಸಿತು. ಆಗ ಒಂದು ಸಣ್ಣ ಲೆಕ್ಕ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ರೋಗಿಯನ್ನು ಮುಕ್ಕಾಲು ದಿನ ಮೊದಲೇ ಮನೆಗೆ ಕಳಿಸಿ, ಮಾತ್ರೆಯ ಮಾರಾಟವನ್ನೂ ಇಳಿಸೋ ಮರ ಆಸ್ಪತ್ರೆಗೆ ಲಾಭವೋ ನಷ್ಟವೋ? ಹಾಸಿಗೆ ಬಾಡಿಗೆ ಮೇಲೆ ಬದುಕೋ ಅಂಗಡಿಗೆ ಅದು ನಷ್ಟವೇ. ಆ ನಷ್ಟ ತುಂಬಿಕೊಳ್ಳೋದಕ್ಕೇ ದಿನಕ್ಕೆ ಮೂರು ಸಾವಿರ ಜಾಸ್ತಿ ಇರಬೇಕು.

ರೂಮಿಗೆ ಹೋದೆವು. ಗಾರ್ಡನ್ ನಾಲ್ಕನೇ ಮಹಡಿಯ ಟೆರೇಸಿನಲ್ಲಿತ್ತು. ಹಸಿರು ಹುಲ್ಲು, ಒಂದೇ ಎತ್ತರದ ಗಿಡಗಳು, ಬೆತ್ತದ ಎರಡು ಕುರ್ಚಿ, ನಗುವ ಬುದ್ಧನ ತಲೆ. ಅಪ್ಪ ಕಿಟಕಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದ.

"ಒಂದೂ ಹಣ್ಣೆಲೆ ಇಲ್ಲ ಕಣೋ."

ಕಿಟಕಿ ತೆಗೆಯಲು ನೋಡಿದೆ. ತೆಗೆಯೋ ಕಿಟಕಿ ಅಲ್ಲವಂತೆ. ಹಾಗಾದ್ರೆ ಗಾರ್ಡನ್ನಿಗೇ ಹೋಗೋಣ ಅಂತ ಹೊರಟರೆ ಬಾಗಿಲಿಗೆ ಬೀಗ. ಬೀಗದ ಮೇಲೆ ಚೆಂದದ ಫಲಕ: 'ಹೀಲಿಂಗ್ ಗಾರ್ಡನ್. ಹುಲ್ಲಿನ ಮೇಲೆ ನಡೆಯಬೇಡಿ'. ಕೀಲಿ ಫೆಸಿಲಿಟಿ ಮ್ಯಾನೇಜರ್ ಹತ್ತಿರ ಇದೆ, ಅವರು ರಜೆಯಲ್ಲಿದ್ದಾರೆ ಅಂದರು. ನೆಲ ಒರೆಸುತ್ತಿದ್ದ ಹೆಂಗಸನ್ನು ಅಪ್ಪ ಕೇಳಿದ, "ಗಿಡಕ್ಕೆ ಏನಮ್ಮಾ ಹಾಕ್ತೀರಿ?"

"ಒದ್ದೆ ಬಟ್ಟೆ ಅಣ್ಣಾ. ವಾರಕ್ಕೆ ಎರಡು ಸಲ ಒರೆಸ್ತೀವಿ."

ಪಾಪ, ಆಸ್ಪತ್ರೆಯ ಕಡೆಯಿಂದಲೂ ಯೋಚಿಸಬೇಕು. ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಸಿದವರು ಇರೋ ವಾರ್ಡಿನೊಳಗೆ ಮಣ್ಣಿನ ಕುಂಡ ಇಡೋ ಹಾಗಿಲ್ಲ, ಮಣ್ಣಿನ ಫಂಗಸ್ ಅವರಿಗೆ ಅಪಾಯ. ಅದು ಸರಿಯಾದ ಮಾತು. ಆದರೆ ನಾಲ್ಕನೇ ಮಹಡಿಯ ಬಯಲಿನಲ್ಲಿ, ಪ್ಲಾಸ್ಟಿಕ್ ಹುಲ್ಲಿಗೆ ಬೀಗ ಯಾಕೆ? ಯಾರಾದರೂ ಹಸು ಹೊಡ್ಕೊಂಡು ಬರ್ತಾರಾ?

ಕಾರಿಡಾರಿನಲ್ಲಿ ಸ್ಪೀಕರ್ ಇತ್ತು. ಅದರಲ್ಲಿ ಒಂದು ಹಕ್ಕಿ, ಒಂದು ತೊರೆ. ಹಕ್ಕಿ ನಾಲ್ಕು ನಿಮಿಷಕ್ಕೊಮ್ಮೆ ಮೊದಲಿಂದ ಶುರು ಮಾಡುತ್ತಿತ್ತು. ರಾತ್ರಿ ಹನ್ನೊಂದಾದರೂ ಬಿಡಲಿಲ್ಲ. "ಇದಕ್ಕೆ ಗೂಡಿಲ್ವಾ?" ಅಂದ ಅಪ್ಪ. ತೊರೆಯ ಸದ್ದಿಗೆ ಪಕ್ಕದ ರೂಮಿನ ಪ್ರಾಸ್ಟೇಟ್ ಪೇಷಂಟ್ ರಾತ್ರಿಯಿಡೀ ಎದ್ದು ಓಡಾಡಿದರು.

ಮಾರನೇ ದಿನ ಆಪರೇಷನ್ ಆಯಿತು. ಲ್ಯಾಪರೋಸ್ಕೋಪಿ, ಸಣ್ಣ ಸಣ್ಣ ತೂತು, ಏನೂ ತೊಂದರೆ ಇಲ್ಲ. ಡಾಕ್ಟರ್ ಒಳ್ಳೆಯವರು. ಪಶ್ಚಿಮದ ಬಿಸಿಲು ಬೀಳುತ್ತೆ ಅಂತ ನರ್ಸ್ ಬಂದು ಪರದೆ ಎಳೆದು ಹೋದರು. ಆಮೇಲೆ ಉಳಿದಷ್ಟೂ ದಿನ ನಾವು ನೋಡಿದ್ದು ಪರದೆ ವ್ಯೂ.

ಇನ್ನು ಬಿಲ್ಲಿನ ಕಥೆ. ಇದನ್ನು ನಿಧಾನವಾಗಿ ಹೇಳಬೇಕು, ಯಾಕಂದ್ರೆ ನನಗೂ ಅರ್ಥವಾಗಲು ಅರ್ಧ ದಿನ ಬೇಕಾಯಿತು. ಕಿಟಕಿ ಬಾಡಿಗೆ ಮೂರು ದಿನಕ್ಕೆ ಒಂಬತ್ತು ಸಾವಿರ ಅಂದುಕೊಂಡಿದ್ದೆ. ಆದರೆ ಅಲ್ಲಿ ರೂಮ್ ದುಬಾರಿಯಾದರೆ ಸರ್ಜನ್ ಫೀಸೂ ದುಬಾರಿ. ಸಿಟಿ ವ್ಯೂನವರಿಗೆ 32,000, ಗಾರ್ಡನ್ ವ್ಯೂನವರಿಗೆ 40,000. ಅದೇ ಡಾಕ್ಟರು, ಅದೇ ಥಿಯೇಟರು, ಅದೇ ಕತ್ತರಿ. ಥಿಯೇಟರಿಗೆ ಕಿಟಕಿಯೇ ಇಲ್ಲ! ನಾಲ್ಕನೇ ಮಹಡಿಯಲ್ಲಿ ಪ್ಲಾಸ್ಟಿಕ್ ಗಿಡ ಇದೆ ಅಂದ ಮಾತ್ರಕ್ಕೆ ಎರಡನೇ ಮಹಡಿಯಲ್ಲಿ ಪಿತ್ತಕೋಶ ಕೀಳೋದು ಎಂಟು ಸಾವಿರ ಕಷ್ಟವಾಗುತ್ತೆ ಅಂತ ಯಾವ ಮೆಡಿಕಲ್ ಕಾಲೇಜಿನಲ್ಲಿ ಕಲಿಸ್ತಾರೋ.

ಅದರ ಮೇಲೆ ಇನ್ಶೂರೆನ್ಸ್. ನಮ್ಮದು ಐದು ಲಕ್ಷದ ಪಾಲಿಸಿ. ರೂಮಿನ ಮಿತಿ ದಿನಕ್ಕೆ ಅದರ ನೂರಕ್ಕೆ ಒಂದು, ಅಂದ್ರೆ 5,000. ಮಿತಿ ದಾಟಿದ ಮೂರು ಸಾವಿರ ಮಾತ್ರ ನಮ್ಮದು ಅಂದುಕೊಂಡರೆ ಅದು ಹಳ್ಳಿ ಲೆಕ್ಕ. ಎಂಟು ಸಾವಿರದ ರೂಮಿನಲ್ಲಿ ಮಲಗಿ ಐದಕ್ಕೆ ಹಕ್ಕಿದ್ದರೆ ಉಳಿದ ಖರ್ಚಿನಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ ಕೊಡ್ತಾರೆ. ಇದಕ್ಕೆ 'ಪ್ರಪೋರ್ಷನೇಟ್ ಡಿಡಕ್ಷನ್' ಅಂತ ಹೆಸರು. ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಈ ಕತ್ತರಿ ಹಾಕಬೇಡಿ ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸಂಸ್ಥೆ ಐಆರ್‌ಡಿಎಐ 2020ರಲ್ಲಿ ಹೇಳಿದ್ದರಿಂದ ಅಷ್ಟು ಉಳಿಯಿತು. ಸರ್ಜನ್ ಫೀಸಿನ 40,000ದಲ್ಲಿ 25,000 ಅವರದು, 15,000 ನಮ್ಮದು. ಸಿಟಿ ವ್ಯೂನಲ್ಲಿ ಜನರೇಟರ್ ನೋಡಿಕೊಂಡು ಮಲಗಿದ್ದರೆ ಅಲ್ಲಿನ 32,000 ಫೀಸು ಪೂರ್ತಿ ಅವರೇ ಕೊಡುತ್ತಿದ್ದರು.

ಸಾಲದ್ದಕ್ಕೆ ಇನ್ಶೂರೆನ್ಸ್ ಕಡೆಯಿಂದ ಒಂದು ಪ್ರಶ್ನೆ ಬೇರೆ ಬಂತು. ರೋಗಿಗೆ ಗಾರ್ಡನ್ ವ್ಯೂ ಬೇಕಾದ ವೈದ್ಯಕೀಯ ಕಾರಣ ತಿಳಿಸಿ. ಉಲ್ರಿಚ್‌ನ ಲೇಖನದ ಪ್ರಿಂಟ್ ಕೊಟ್ಟೆ. ಇನ್ಶೂರೆನ್ಸ್ ಕ್ಲೈಮ್ ನೋಡಿಕೊಳ್ಳೋ ಟಿಪಿಎ ಡೆಸ್ಕಿನ ಹುಡುಗ ಪುಟ ತಿರುಗಿಸಿ, "ಸಾರ್, ಇದರಲ್ಲಿ ಡಾಕ್ಟರ್ ಸೀಲ್ ಇಲ್ಲ" ಅಂದ.

ಗಾಳಿ, ಬೆಳಕು, ಹಸಿರೂ ರೋಗಿಗೆ ಮದ್ದು ಅನ್ನೋದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲದಲ್ಲಿ ಮೈಸೂರಿನಲ್ಲಿ ಸ್ಯಾನಿಟೋರಿಯಂ ಕಟ್ಟಿ, ಕ್ಷಯದಿಂದಲೇ ತೀರಿಕೊಂಡ ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿಟ್ಟರು. ಆಗಿನ ಚಿಕಿತ್ಸೆ ಅಂದ್ರೆ ಗಾಳಿ, ಬೆಳಕು, ಊಟ, ವಿಶ್ರಾಂತಿ. ಸಿಂಗಪುರದ ಯಿಶುನ್‌ನಲ್ಲಿ 2010ರಲ್ಲಿ ಶುರುವಾದ ಖೂ ಟೆಕ್ ಪುವಾಟ್ ಆಸ್ಪತ್ರೆಯನ್ನು ಒಂದು ಕೆರೆಯ ಪಕ್ಕ, ನಡುವೆ ತೋಟ ಬಿಟ್ಟು ಕಟ್ಟಿದ್ದಾರೆ. ಛಾವಣಿ ಮೇಲೆ ತರಕಾರಿ ಬೆಳೆಯುತ್ತಾರೆ. ಅಲ್ಲಿನವರಿಗೆ ಎಷ್ಟು ಜಾತಿ ಚಿಟ್ಟೆ ಬಂತು ಅನ್ನೋದೂ ಒಂದು ಲೆಕ್ಕ. ನಮ್ಮ ಟೆರೇಸಿಗೆ ಚಿಟ್ಟೆ ಬರುತ್ತಾ ಅಂತ ಕೇಳಿದ್ದಕ್ಕೆ ಸೂಪರ್‌ವೈಸರ್ ಗಾಬರಿಯಾಗಿ, "ಇಲ್ಲ ಸಾರ್, ಪೆಸ್ಟ್ ಕಂಟ್ರೋಲ್ ತಿಂಗಳು ತಿಂಗಳು ಮಾಡಿಸ್ತೀವಿ" ಅಂದರು.

ಬೆಳಿಗ್ಗೆ ಹತ್ತಕ್ಕೆ ಡಿಸ್ಚಾರ್ಜ್ ಅಂದರು. ಹನ್ನೊಂದಕ್ಕೆ ರೂಮ್ ಖಾಲಿ ಮಾಡಿಸಿದರು. ಇನ್ಶೂರೆನ್ಸ್ ಅಪ್ರೂವಲ್ ಬರಲಿಲ್ಲ. ಲಾಬಿಯ ಎಸಿಗೆ ಅಪ್ಪನಿಗೆ ಚಳಿ ಹತ್ತಿತು. ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಗೇಟಿನ ಪಕ್ಕ ಒಂದು ಹೊಂಗೆ ಮರ. ಯುಗಾದಿ ಕಳೆದು ವಾರವಾಗಿತ್ತು, ಮರದ ತುಂಬ ಎಳೆ ಚಿಗುರು. ಬುಡದಲ್ಲಿ ಚಪ್ಪಡಿ ಕಲ್ಲು, ಪಕ್ಕದಲ್ಲಿ ಟೀ ಗಾಡಿ. ನೋಡಿದರೆ ಅರ್ಧ ಆಸ್ಪತ್ರೆ ಅಲ್ಲೇ ಇದೆ! ಐಸಿಯು ಮುಂದೆ ರಾತ್ರಿ ಕಳೆದವರು ಟವೆಲ್ ಹಾಸಿ ಮಲಗಿದ್ದಾರೆ. ಇಬ್ಬರು ನರ್ಸುಗಳು ಡಬ್ಬಿ ಬಿಚ್ಚಿದ್ದಾರೆ. ನಮ್ಮ ಸರ್ಜನ್ನರ ಅಸಿಸ್ಟೆಂಟ್ ನಿಂತುಕೊಂಡೇ ಬನ್ ತಿನ್ನುತ್ತಿದ್ದಾರೆ. ಮೇಲೆ ಕೋಗಿಲೆ, ಅದೂ ಆಗಾಗ ಮಾತ್ರ, ಮನಸ್ಸು ಬಂದಾಗ.

ಅಪ್ಪ ಕಲ್ಲಿನ ಮೇಲೆ ಕೂತ. ಬಿದ್ದ ಎಲೆಯೊಂದನ್ನು ಎತ್ತಿ, ಉಗುರಿನಿಂದ ಗೀರಿ, ಮೂಸಿ ನೋಡಿದ. ಮೂರು ದಿನದಲ್ಲಿ ಮೊದಲ ಸಲ ಟೀ ಕೇಳಿದ.

ಮೂರೂವರೆಗೆ ಅಪ್ರೂವಲ್ ಬಂತು. "ಬಾ, ಹೊರಡೋಣ" ಅಂದೆ. "ಇರ್ಲಿ, ಇನ್ನೊಂದು ಅರ್ಧ ಗಂಟೆ" ಅಂದ. ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದ.

"ಯಜಮಾನ್ರೇ, ಪೇಷಂಟ್ ಎಲ್ಲ ಇಲ್ಲಿ ಧೂಳಲ್ಲಿ ಕೂರಂಗಿಲ್ಲ. ಮೇಲೆ ಗಾರ್ಡನ್ ಐತೆ, ಅಲ್ಲೋಗಿ."

"ಬೀಗ ಹಾಕಿದೆಯಲ್ಲಪ್ಪ."

ಅವನು ಒಂದು ಕ್ಷಣ ಯೋಚಿಸಿದ. "ಹೌದಲ್ವಾ" ಅಂದ. ಟೋಪಿ ತೆಗೆದು ಕಲ್ಲಿನ ಇನ್ನೊಂದು ತುದಿಗೆ ಕೂತು, ಟೀ ಗಾಡಿಯವನಿಗೆ ಒಂದು ಬೆರಳು ತೋರಿಸಿದ.