ಕಡಜದ ಗೂಡಿಗೆ ಸೂಟೆ ಹಿಡಿಯುವ ಮೊದಲು

ಮಳೆ ಹಿಂದೆ ಸರಿದು ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ ಮಂಗಳೂರು, ಉಡುಪಿಯ ವಠಾರಗಳ ವಾಟ್ಸಾಪ್ ಗುಂಪುಗಳಲ್ಲಿ ಕಣಜದ ಗೂಡಿನ ಚಿತ್ರಗಳು ಬರತೊಡಗುತ್ತವೆ. ಚಿತ್ರದ ಕೆಳಗೆ ಒಬ್ಬರು ಒಣಗಿದ ತೆಂಗಿನ ಗರಿಯ ಸೂಟೆ ಕಟ್ಟಿ ಸುಡಲು ಹೇಳುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಎರಚಲು ಹೇಳುತ್ತಾರೆ, ಮತ್ತೊಬ್ಬರು ಕೀಟನಾಶಕ ಸಿಂಪಡಿಸುವವರ ಫೋನ್ ನಂಬರ್ ಹಾಕುತ್ತಾರೆ. ಗೂಡು ಯಾವ ಹುಳುವಿನದು, ಅದಿರುವ ಜಾಗಕ್ಕೆ ದಿನವೂ ಯಾರ ಕೈ ಅಥವಾ ಯಾರ ತಲೆ ಹೋಗುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮುಂದೇನು ಮಾಡಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾದಂತೆಯೇ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು, ನಮ್ಮ ಮನೆಗಳಲ್ಲಿ ಹೆಚ್ಚು ಬೈಗುಳ ತಿನ್ನುವ, ಮಣ್ಣಿನ ಗೂಡು ಕಟ್ಟುವ ಕಣಜವಾದ ಪಾಪದ ಕುಂಬಾರ ಹುಳು. ಗೋಡೆಯ ಮೂಲೆ, ಕಪಾಟಿನ ಹಿಂಬದಿ, ಪ್ಲಗ್ಗಿನ ತೂತು, ಬೀಗದ ಕಿಂಡಿ ಎಲ್ಲೆಂದರಲ್ಲಿ ಅದು ಮಣ್ಣು ಮೆತ್ತುವುದರಿಂದ ನಮಗೆ ಸಿಟ್ಟು ಬರುವುದು ಸಹಜ. ಆದರೆ ಅದು ಒಂಟಿ ಜೀವಿ. ಕಾಯಬೇಕಾದ ಸಂಸಾರವಾಗಲಿ ರಾಣಿಯಾಗಲಿ ಇಲ್ಲದ ಕಾರಣ ಅದು ಅಟ್ಟಿಸಿಕೊಂಡು ಬರುವುದಿಲ್ಲ. ಬೆರಳಿನಲ್ಲಿ ಅದುಮಿದರಷ್ಟೇ ಚುಚ್ಚೀತು. ಒಂದು ಬಗೆಯದು ಜೇಡಗಳನ್ನು, ಮಡಕೆಯಾಕಾರದ ಗೂಡು ಕಟ್ಟುವ ಇನ್ನೊಂದು ಬಗೆಯದು ಕಂಬಳಿಹುಳುಗಳಂಥ ಮರಿಗಳನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ ತಂದು, ಮೊಟ್ಟೆಯ ಜೊತೆಗೆ ಗೂಡಿನೊಳಗೆ ತುಂಬಿ ಬಾಯಿ ಮುಚ್ಚುತ್ತದೆ. ಒಳಗೆ ಹೋದದ್ದು ಹುಳು, ಕೆಲವು ವಾರಗಳ ಬಳಿಕ ಹೊರಗೆ ಬಂದದ್ದು ಕಣಜ ಎಂಬುದನ್ನು ನೋಡಿದ ನಮ್ಮ ಹಿರಿಯರು, ಕಣಜವನ್ನೇ ಧ್ಯಾನಿಸುತ್ತಾ ಹುಳುವೂ ಕಣಜವಾಯಿತೆಂದು ತಿಳಿದು ಕೀಟ-ಭ್ರಮರ ನ್ಯಾಯವನ್ನು ಹೇಳಿದರು. ವಾಸ್ತವದಲ್ಲಿ ಆ ಹುಳು ಕಣಜದ ಮರಿಗೆ ಊಟವಾಗಿರುತ್ತದೆ. ಏನೇ ಇರಲಿ, ವೇದಾಂತಕ್ಕೆ ದೃಷ್ಟಾಂತ ಒದಗಿಸಿದ ಈ ಹುಳುವಿಗೆ ವಿಷ ಸಿಂಪಡಿಸುವ ಅಗತ್ಯ ಖಂಡಿತ ಇಲ್ಲ. ಗೂಡಿನಲ್ಲಿ ದುಂಡಗಿನ ತೂತು ಕಂಡರೆ ಮರಿ ಹೊರಬಿದ್ದಾಗಿದೆ ಎಂದರ್ಥ. ಆಗ ಕೆರೆದು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇದರಿಂದಾಗುವ ನಿಜವಾದ ತೊಂದರೆಯೆಂದರೆ ತೂತು ಮುಚ್ಚುವುದು. ಜಾರುವ ಕಿಟಕಿಯ ಚೌಕಟ್ಟಿನ ಕೆಳಗೆ ನೀರು ಹೊರಹೋಗಲೆಂದು ಇಟ್ಟಿರುವ ಸಣ್ಣ ರಂಧ್ರಗಳನ್ನು ಬೇಸಗೆಯಲ್ಲಿ ಇದು ಮಣ್ಣಿನಿಂದ ಮುಚ್ಚಿಬಿಟ್ಟರೆ, ಜೂನ್ ತಿಂಗಳ ಮೊದಲ ಗಾಳಿಮಳೆಗೆ ನೀರು ಕೋಣೆಯೊಳಗೇ ಇಳಿಯುತ್ತದೆ. ಎಸಿಯ ನೀರು ಹೋಗುವ ಪೈಪಿನದೂ ಅದೇ ಕತೆ. ಸಣ್ಣ ತೂತೆಂದು ತಾತ್ಸಾರ ಮಾಡುವವರು 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಲ್ಲಿ ನಡೆದ ವಿಮಾನ ದುರಂತವನ್ನು ನೆನೆಯಬಹುದು. ಅಲ್ಲಿ ಹಲವು ದಿನ ನಿಂತೇ ಇದ್ದ ಬೋಯಿಂಗ್ 757 ವಿಮಾನವು ಹಾರಿದ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 189 ಮಂದಿಯೂ ಸತ್ತರು. ವೇಗವನ್ನು ಅಳೆಯುವ ಪಿಟೊ ಎಂಬ ನಳಿಗೆಗಳಲ್ಲಿ ಒಂದು ಕಟ್ಟಿಕೊಂಡಿತ್ತು, ಬಹುಶಃ ಕುಂಬಾರ ಹುಳುವಿನ ಮಣ್ಣಿನಿಂದ, ಎಂಬುದು ತನಿಖೆಯ ಅಂದಾಜಾಗಿತ್ತು.

ಎರಡನೆಯದು ಕಾಗದದಂಥ ಗೂಡು ಕಟ್ಟುವ ಸಣ್ಣ ಕಣಜ. ಮರದ ನಾರನ್ನು ಅಗಿದು ಎಂಜಲಿನಲ್ಲಿ ಕಲಸಿ, ಒಂದು ತೊಟ್ಟಿನಿಂದ ನೇತಾಡುವ, ತೆರೆದ ಕೋಣೆಗಳ ಗೂಡನ್ನು ಇದು ಹೆಂಚಿನಡಿಯ ಪಕಾಸಿಗೆ, ಬಾಲ್ಕನಿಯ ಸರಳಿಗೆ, ಬಸಳೆ ಚಪ್ಪರದ ಕೋಲಿಗೆ ಕಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನಾಟ ಇದೇ ಗುಂಪಿಗೆ ಸೇರಿದ್ದು. ಅದರ ರಾಣಿ ಜಗಳಗಂಟಿಯಲ್ಲ, ಸಾಧು ಸ್ವಭಾವದವಳು. ಆಕೆಯನ್ನು ತೆಗೆದರೆ ಗೂಡಿನಲ್ಲಿರುವ ಇನ್ನೊಂದು ಹೆಣ್ಣು ಒಮ್ಮೆಲೇ ಉಗ್ರವಾಗಿ, ಮುಂದೆ ರಾಣಿಯ ಪಟ್ಟಕ್ಕೇರುತ್ತದೆ ಎಂಬುದು ಅವರ ತಂಡ ಕಂಡುಕೊಂಡ ಸಂಗತಿಗಳಲ್ಲೊಂದು. ಚಳಿಗಾಲ ಬಂದರೆ ಗೂಡು ತಾನಾಗಿ ಸಾಯುತ್ತದೆ, ಅಲ್ಲಿಯವರೆಗೆ ಕಾಯಿರಿ ಎಂಬ ಸಲಹೆಯನ್ನು ಇಂಗ್ಲಿಷ್ ಜಾಲತಾಣಗಳಿಂದ ಎತ್ತಿ ಇಲ್ಲಿ ಹಂಚುವವರಿದ್ದಾರೆ. ಅದು ಹಿಮ ಬೀಳುವ ದೇಶಗಳ ಮಾತು. ನಮ್ಮ ಸೆಖೆಯ ಊರಿನಲ್ಲಿ ಈ ಕಣಜಗಳು ವರ್ಷವಿಡೀ ಗೂಡು ಕಟ್ಟುತ್ತವೆ. ಡಿಸೆಂಬರಿನ ಚಳಿಯನ್ನು ನಂಬಿ ಕುಳಿತರೆ ಗೂಡು ದೊಡ್ಡದಾಗುತ್ತದೆ ಅಷ್ಟೆ.

ಹಾಗೆಂದು ಇದನ್ನು ಕಂಡಲ್ಲೆಲ್ಲ ತೆಗೆಯಬೇಕಿಲ್ಲ. ಹರಿವೆ, ಬೆಂಡೆಯ ಎಲೆ ತಿನ್ನುವ ಹುಳುಗಳನ್ನು ಹಿಡಿದು ತನ್ನ ಮರಿಗಳಿಗೆ ಉಣಿಸುವ ಹುಳು ಇದು. ಮಾಡಿನ ತುದಿಯಲ್ಲಿ, ಯಾರ ಕೈಗೂ ಎಟುಕದ ಎತ್ತರದಲ್ಲಿ ಇದ್ದರೆ ಇರಲಿ. ಬಾಗಿಲ ದಾರಂದದ ಮೇಲೆ, ಬಟ್ಟೆ ಒಣಗಿಸುವ ಹಗ್ಗದ ಪಕ್ಕದಲ್ಲಿ, ಮಕ್ಕಳು ಆಡುವ ಜಗಲಿಯ ಮೂಲೆಯಲ್ಲಿ ಇದ್ದರೆ ತೆಗೆಯಲೇಬೇಕು, ಅದೂ ಒಂದೆರಡು ಹುಳುಗಳಿರುವ ಆರಂಭದಲ್ಲಿಯೇ. ಕತ್ತಲಾದ ಮೇಲೆ ಹುಳುಗಳೆಲ್ಲ ಗೂಡಿನಲ್ಲಿರುವಾಗ, ಮೈಯಿಡೀ ಮುಚ್ಚುವ ಮಳೆಕೋಟು, ಕೈಗವಸು ಮತ್ತು ಮುಖಕ್ಕೆ ಗಾಜಿರುವ ಹೆಲ್ಮೆಟ್ ತೊಟ್ಟು, ಪಾತ್ರೆ ತೊಳೆಯುವ ದ್ರವವನ್ನು ಎರಡು ಮೂರು ಚಮಚದಷ್ಟು ಒಂದು ಲೀಟರ್ ನೀರಿಗೆ ಬೆರೆಸಿ, ಗಿಡಕ್ಕೆ ಮದ್ದು ಬಿಡುವ ಪಂಪಿನಲ್ಲಿ ದೂರದಿಂದ ತೊಯ್ಯಿಸಿದರೆ, ಸಾಬೂನಿನ ನೀರು ಉಸಿರಾಡುವ ರಂಧ್ರಗಳನ್ನು ಮುಚ್ಚಿ ಹುಳುಗಳು ಸಾಯುತ್ತವೆ. ಬೆಳಕು ಬೇಕಿದ್ದರೆ ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಳ್ಳಿ. ಕೆಂಪು ಬಣ್ಣ ಅವುಗಳ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಏಣಿ ಹತ್ತಿ ಮಾತ್ರ ಈ ಕೆಲಸ ಮಾಡಬಾರದು, ಏಕೆಂದರೆ ಒಂದು ಹುಳು ಮುಖದ ಕಡೆಗೆ ಹಾರಿದರೂ ಕೈ ತಾನಾಗಿ ಏಣಿಯನ್ನು ಬಿಡುತ್ತದೆ.

ಮೂರನೆಯದು ಕಡಜ, ಅಂದರೆ ದೊಡ್ಡ ಜಾತಿಯ ಕಣಜ. ಹೆಬ್ಬೆರಳಿನ ಮೇಲ್ಭಾಗದಷ್ಟು ಉದ್ದದ, ಕಪ್ಪು ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟೆಯಿರುವ ಇದರ ಗೂಡಿಗೆ ಹೊರಗಿನಿಂದ ಕಾಗದದ ಹೊದಿಕೆಯಿರುತ್ತದೆ, ಒಂದು ಸಣ್ಣ ಬಾಯಿ ಮಾತ್ರ ತೆರೆದಿರುತ್ತದೆ. ಮರದ ಕೊಂಬೆಯಲ್ಲಿರಬಹುದು, ಪೊಟರೆಯಲ್ಲಿರಬಹುದು, ನೆಲದೊಳಗೂ ಇರಬಹುದು. ಜೇನುಹುಳು ಒಮ್ಮೆ ಚುಚ್ಚಿ ಮುಳ್ಳು ಬಿಟ್ಟು ಸಾಯುತ್ತದೆ. ಕಡಜವು ಮತ್ತೆ ಮತ್ತೆ ಚುಚ್ಚಬಲ್ಲದು, ಅದರ ವಿಷದ ವಾಸನೆಯೇ ಉಳಿದವನ್ನು ಕರೆತರುತ್ತದೆ. ಅರುಣಾಸುರನನ್ನು ದುಂಬಿಯ ರೂಪ ತಾಳಿ ಕೊಂದ ದೇವಿಯನ್ನು ಕಟೀಲಿನಲ್ಲಿ ಪೂಜಿಸುವ ಊರಿನವರು ಚುಚ್ಚುವ ಹುಳುಗಳ ಶಕ್ತಿಯನ್ನು ಇಷ್ಟು ಹಗುರವಾಗಿ ಏಕೆ ಕಾಣುತ್ತಾರೋ ನನಗೆ ಅರ್ಥವಾಗಿಲ್ಲ. ಈ ಗೂಡನ್ನು ಮನೆಯವರು ಮುಟ್ಟಲೇಬಾರದು. ಸರಿಯಾದ ರಕ್ಷಣಾ ಉಡುಪು ಇರುವ, ಇದೇ ಕೆಲಸ ಗೊತ್ತಿರುವವರನ್ನು ಕರೆಸಬೇಕು, ಅಲ್ಲಿಯವರೆಗೆ ಆ ಕಡೆ ಹೋಗುವ ದಾರಿಯನ್ನು ಮುಚ್ಚಬೇಕು.

ಸೂಟೆಯ ಬಗ್ಗೆ ನನ್ನ ತಕರಾರು ಇಲ್ಲಿಯೇ ಇದೆ. ತೋಟದ ನಡುವೆ, ಅನುಭವಸ್ಥರ ಕೈಯಲ್ಲಿ ಸೂಟೆ ಒಂದು ಕಾಲಕ್ಕೆ ಕೆಲಸ ಮಾಡಿರಬಹುದು. ಆದರೆ ಹೆಂಚಿನ ಮನೆಯ ಒಣಗಿದ ಪಕಾಸು, ರೀಪು, ಅಟ್ಟದಲ್ಲಿ ರಾಶಿ ಹಾಕಿದ ತೆಂಗಿನ ಸಿಪ್ಪೆ ಮತ್ತು ಮಡಲುಗಳ ನಡುವೆ ಬೆಂಕಿ ಹಿಡಿದು ನಿಲ್ಲುವುದು ಹುಳುವಿಗಿಂತ ದೊಡ್ಡ ಅಪಾಯವನ್ನು ಮನೆಗೆ ಕರೆದಂತೆ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಪೆಟ್ರೋಲ್ ಎರಚುವವರ ಬಗ್ಗೆ ಹೇಳಲು ಮಾತೇ ಇಲ್ಲ.

ಇನ್ನು ವಾಹನಗಳು. ಮುಂಬಯಿ ಅಥವಾ ಗಲ್ಫ್‌ನಲ್ಲಿರುವವರು ಊರ ಮನೆಯಲ್ಲಿ ಹೊದಿಕೆ ಹಾಕಿ ಬಿಟ್ಟುಹೋಗುವ ಕಾರುಗಳು, ಮಳೆಗಾಲವಿಡೀ ಜಗಲಿಯ ಬದಿಯಲ್ಲಿ ನಿಲ್ಲುವ ಸ್ಕೂಟರ್‌ಗಳು ಕಣಜಗಳಿಗೆ ಹೇಳಿ ಮಾಡಿಸಿದ ಜಾಗ: ಅಲುಗಾಟವಿಲ್ಲ, ಮಳೆ ತಾಗುವುದಿಲ್ಲ. ಬದಿಗನ್ನಡಿಯ ಹಿಂದಿನ ಟೊಳ್ಳು, ಪೆಟ್ರೋಲ್ ಮುಚ್ಚಳದ ಒಳಭಾಗ, ಬಾಗಿಲ ಹಿಂಜಿನ ಸಂದು, ಬಾನೆಟ್ಟಿನ ಅಂಚು, ಸ್ಕೂಟರಿನ ಸೀಟಿನ ಅಡಿ, ನಂಬರ್ ಪ್ಲೇಟಿನ ಹಿಂದೆ, ಕೊಂಡಿಗೆ ನೇತುಹಾಕಿದ ಹೆಲ್ಮೆಟ್ಟಿನ ಒಳಗೆ ಹೀಗೆ ಕೈ ಅಥವಾ ತಲೆ ನೋಡದೆ ಹೋಗುವ ಜಾಗಗಳಲ್ಲಿಯೇ ಅವು ಗೂಡು ಕಟ್ಟುತ್ತವೆ. ಜಾತ್ರೆಗೋ ಮದುವೆಗೋ ಊರಿಗೆ ಬಂದವರು ಅವಸರದಲ್ಲಿ ಹೊದಿಕೆ ಎಳೆಯುವ ಮೊದಲು ಕೋಲಿನಿಂದ ಮೆಲ್ಲಗೆ ತಟ್ಟಿ, ಹಿಂದೆ ಸರಿದು ಸ್ವಲ್ಪ ಹೊತ್ತು ನೋಡಬೇಕು. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿರುವಾಗ ಹೆಲ್ಮೆಟ್ಟಿನೊಳಗೆ ಕಣಜ ಹರಿದಾಡಿದರೆ ಅದರ ವಿಷಕ್ಕಿಂತ ನಮ್ಮ ಗಾಬರಿಯೇ ಕೊಲ್ಲುತ್ತದೆ. ಕಾರಿನೊಳಗೆ ಹುಳು ಕಂಡರೆ ಕೈ ಬೀಸದೆ, ಇಂಡಿಕೇಟರ್ ಹಾಕಿ, ಬದಿಗೆ ನಿಲ್ಲಿಸಿ, ಬಾಗಿಲು ತೆರೆದರೆ ಅದು ಬೆಳಕಿನ ಕಡೆಗೆ ತಾನಾಗಿ ಹೋಗುತ್ತದೆ.

ಚುಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವ ಪದ್ಧತಿಯಿಂದ ಪ್ರಯೋಜನವಿಲ್ಲ, ವಿಷ ಚರ್ಮದ ಒಳಗೆ ಹೋಗಿರುತ್ತದೆ. ತೊಳೆದು ಮಂಜುಗಡ್ಡೆ ಇಡುವುದು ಒಳ್ಳೆಯದು. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿಕೊಂಡರೆ, ಮೈಯಿಡೀ ದದ್ದು ಎದ್ದು ತಲೆ ತಿರುಗಿದರೆ ಅಲರ್ಜಿಯ ಮಾತ್ರೆ ನುಂಗಿ ಕಾಯಬಾರದು. ಆಗ ಬೇಕಾದದ್ದು ಅಡ್ರಿನಾಲಿನ್ ಚುಚ್ಚುಮದ್ದು, ಕೂಡಲೇ 108ಕ್ಕೆ ಕರೆ ಮಾಡಬೇಕು. ಕಡಜಗಳು ಹತ್ತಾರು ಕಡೆ ಚುಚ್ಚಿದ್ದರೆ ನೋವು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಮೂತ್ರಪಿಂಡಕ್ಕೆ ಆಗುವ ಹಾನಿ ಒಂದೆರಡು ದಿನ ಕಳೆದ ಮೇಲೆ, ಮೂತ್ರ ಕಡಿಮೆಯಾದಾಗ ಅಥವಾ ಅದರ ಬಣ್ಣ ಕಪ್ಪಾದಾಗ ತಿಳಿಯುತ್ತದೆ.

ಹೀಗೆ ಪೆಟ್ಟು ತಿನ್ನುವವರು ಸಾಮಾನ್ಯವಾಗಿ ಮನೆಯ ಯಜಮಾನರಲ್ಲ ಎಂಬುದನ್ನು ಹೇಳದಿದ್ದರೆ ಈ ಬರಹ ಅಪೂರ್ಣ. ತೆಂಗಿನಕಾಯಿ ಕೀಳಲು ಬಂದವರು, ಅಡಿಕೆಗೆ ಮದ್ದು ಬಿಡುವವರು, ಹುಲ್ಲು ಕತ್ತರಿಸುವ ಯಂತ್ರ ಹಿಡಿದವರು, ಬಣ್ಣ ಬಳಿಯುವವರು, ಎಸಿ ರಿಪೇರಿಯವರು ಗೂಡಿನ ಬಾಯಿಗೇ ಹೋಗಿ ನಿಲ್ಲುತ್ತಾರೆ. ಅದರಲ್ಲೂ ಮರದ ತುದಿಯಲ್ಲಿರುವವರಿಗೆ ಓಡಲು ಜಾಗವೇ ಇರುವುದಿಲ್ಲ. ಅಂಗಳದಲ್ಲಿ ಕಡಜ ಸುಳಿದಾಡುವುದನ್ನು ಕಂಡವರು ಕೆಲಸ ಶುರುವಾಗುವ ಮೊದಲೇ ಹೇಳಬೇಕು, ಗುಮಾನಿಯಿದ್ದರೆ ಆ ಮರವನ್ನು ಆ ಸಲ ಬಿಡಬೇಕು. ಗೊತ್ತಿದ್ದೂ ಹೇಳದೆ ಮರ ಹತ್ತಿಸಿದವರು ಆಸ್ಪತ್ರೆಯ ಖರ್ಚಿನ ಜೊತೆಗೆ ಕಳೆದುಹೋದ ದಿನಗಳ ಸಂಬಳವನ್ನೂ ಕೊಡಬೇಕು ಎಂಬುದು ನನ್ನ ಸ್ಪಷ್ಟ ನಿಲುವು. ತೆಂಗಿನ ಮರ ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯಿದೆ. ನಿಮ್ಮ ಮನೆಗೆ ಬರುವವರು ಅದನ್ನು ಮಾಡಿಸಿಕೊಂಡಿದ್ದಾರೆಯೇ ಎಂದು ಮುಂದಿನ ಕೊಯ್ಲಿನ ದಿನ ಕೇಳಿ, ಇಲ್ಲವೆಂದಾದರೆ ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿ.