ಐದು ಮೇಯರ್ ಖುರ್ಚಿ, ಹದಿನೈದು ಮಾರ್ಕ್ಸು

ಅಕ್ಕನ ಮಗಳು ಬಿಎ ಮೊದಲ ವರ್ಷ. ರಾಜ್ಯಶಾಸ್ತ್ರ ತಗೊಂಡಿದ್ದಾಳೆ. ಗುಬ್ಬಿ ಕಡೆಯ ಹಳ್ಳಿ ಹುಡುಗಿ. ಹಾಸ್ಟೆಲ್ ಗಲಾಟೆಯಲ್ಲಿ ಓದೋಕಾಗಲ್ಲ ಅಂತ 2025ರ ಡಿಸೆಂಬರ್‌ನಲ್ಲಿ ಬೆಂಗಳೂರು ವಿಜಯನಗರದ ನಮ್ಮ ಮನೆಗೆ ಬಂದು ಕೂತಳು. ಊಟದ ಟೇಬಲ್ ಮೇಲಿನ ಉಪ್ಪಿನಕಾಯಿ ಜಾಡಿ ಪಕ್ಕಕ್ಕೆ ಹೋಯ್ತು. ಆ ಜಾಗಕ್ಕೆ ಜೆರಾಕ್ಸ್ ನೋಟ್ಸು, ಮೂರು ಬಣ್ಣದ ಪೆನ್ನು ಮತ್ತು ಒಂದು ಸ್ಕೇಲು ಬಂದವು.

ಸ್ಕೇಲ್ ಯಾಕಮ್ಮ, ಇದೇನು ಗಣಿತವಾ ಅಂತ ಕೇಳಿದೆ.

"ಅಂಡರ್‌ಲೈನ್‌ಗೆ ಮಾಮ. ಹದಿನೈದು ಮಾರ್ಕ್ಸಿನ ಪ್ರಶ್ನೆಗೆ ಆರು ಪುಟ ಬರೀಬೇಕು. ಪೀಠಿಕೆ, ಅರ್ಥ, ವ್ಯಾಖ್ಯೆ, ಲಕ್ಷಣಗಳು, ಮಹತ್ವ, ಉಪಸಂಹಾರ. ವ್ಯಾಖ್ಯೆ ಯಾರದು ಅಂತ ಮರೆತುಹೋದ್ರೆ ಅರಿಸ್ಟಾಟಲ್ ಅಂತ ಹಾಕ್ಬಿಡೋದು."

ಪಾಪ ಅರಿಸ್ಟಾಟಲ್. ಸತ್ತು ಎರಡು ಸಾವಿರದ ಮುನ್ನೂರು ವರ್ಷದ ಮೇಲಾಯ್ತು. ಬೆಂಗಳೂರಿನ ಪರೀಕ್ಷಾ ಹಾಲ್‌ಗಳಲ್ಲಿ ಇವತ್ತಿಗೂ ದಿನಕ್ಕೊಂದು ಹೊಸ ಮಾತು ಆಡುತ್ತಲೇ ಇದ್ದಾನೆ.

ಗೈಡ್ ತಂದಿದ್ದು ಅವೆನ್ಯೂ ರಸ್ತೆಯಿಂದ, ಸೆಕೆಂಡ್ ಹ್ಯಾಂಡು. ಎಡಿಷನ್ ಹಳೇದಲ್ವಾ ಅಂತ ನಾನು ಅನುಮಾನ ಪಟ್ಟರೆ ಅಂಗಡಿಯವರು ಸಮಾಧಾನ ಮಾಡಿದರು: "ಒಳಗಡೆ ಎಲ್ಲ ಅದೇ ಸಾರ್. ಹೊಸದರಲ್ಲಿ ಕವರ್ ಒಂದೇ ಬೇರೆ."

ಅದರಲ್ಲಿ ಅವಳು ಉರು ಹೊಡೆಯುತ್ತಿದ್ದ ಪಾಠ, ನಗರ ಸ್ಥಳೀಯ ಸರ್ಕಾರ. ಇದು ಬಂದೇ ಬರುತ್ತೆ ಅಂತ ಸೀನಿಯರ್‌ಗಳು ಸ್ಟಾರ್ ಹಾಕಿ ಕೊಟ್ಟಿದ್ದರಂತೆ. ಪೀಠಿಕೆಗೆ 1882ರಲ್ಲಿ ಸ್ಥಳೀಯ ಆಡಳಿತದ ನಿರ್ಣಯ ತಂದ ವೈಸ್‌ರಾಯ್ ಲಾರ್ಡ್ ರಿಪ್ಪನ್. ಆಮೇಲೆ ಸಂವಿಧಾನದ 1992ರ 74ನೇ ತಿದ್ದುಪಡಿ, ಜಾರಿಗೆ ಬಂದದ್ದು 1993ರ ಜೂನ್ 1. ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯ. ರಸ್ತೆ, ಸೇತುವೆ, ನೀರು, ಕಸ, ಬೀದಿದೀಪ, ಸ್ಮಶಾನ, ಎಲ್ಲ ಅದರಲ್ಲೇ. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು, ವಿಧಿ 243-ಯು. ಕಣ್ಣು ಮುಚ್ಚಿಕೊಂಡು, ಮುಂದಕ್ಕೂ ಹಿಂದಕ್ಕೂ ತೂಗಾಡುತ್ತಾ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದಳು. ಥಟ್ಟನೆ ನಿಲ್ಲಿಸಿ ಕಣ್ಣು ಬಿಟ್ಟಳು.

"ಮಾಮ, ಉದಾಹರಣೆ ಕೊಟ್ರೆ ಒಂದು ಮಾರ್ಕ್ಸ್ ಜಾಸ್ತಿ ಬೀಳುತ್ತೆ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು?"

ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಹಿಂದಿನ ಬಿಬಿಎಂಪಿ, ಅಂದರೆ ಬೆಂಗಳೂರು ಮಹಾನಗರ ಪಾಲಿಕೆಯ, ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಆಗ ಇವಳು ಎಂಟನೇ ಕ್ಲಾಸು, ಮೊಬೈಲಲ್ಲಿ ಪಾಠ ಕೇಳುತ್ತಿದ್ದಳು. ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿದಳು, ಪಿಯುಸಿ ಮುಗಿಸಿದಳು, ವೋಟರ್ ಐಡಿ ಮಾಡಿಸಿಕೊಂಡು ಡಿಗ್ರಿಗೂ ಬಂದಳು. ಇಷ್ಟರಲ್ಲಿ ನಮ್ಮ ಪಾಲಿಕೆ ಒಂದು ಚುನಾವಣೆ ಪಾಸು ಮಾಡಲಿಲ್ಲ. ಹಾಗಂತ ಸಂವಿಧಾನದ ಐದು ವರ್ಷದ ಲೆಕ್ಕ ತಪ್ಪಿದೆ ಅನ್ನಬೇಡಿ. ಐದು ವರ್ಷ ಪೂರ್ತಿ ಆಗಿದೆ. ಪೂರೈಸಿದವರು ಮಾತ್ರ ಅಧಿಕಾರಿಗಳು.

"ಏನ್ ಮಾಮ, ನಮ್ಮೂರಲ್ಲಿ ನೀರು ಬರದಿದ್ರೆ ಮೆಂಬರ್ ಮನೆ ಮುಂದೆ ಕೊಡ ಇಟ್ಟು ಕೂಗ್ತಾರೆ. ಅವರು ಲುಂಗಿ ಸರಿ ಮಾಡ್ಕೊಂಡು ಓಡಿ ಬರ್ತಾರೆ," ಅಂದಳು.

ಹಳ್ಳಿಗಳಲ್ಲಿ ಅದೇ 2020ರ ಡಿಸೆಂಬರ್‌ನಲ್ಲಿ, ಕೋವಿಡ್ ನಡುವೆಯೇ ಮಾಸ್ಕ್ ಹಾಕಿಕೊಂಡು ಗ್ರಾಮ ಪಂಚಾಯಿತಿ ಚುನಾವಣೆ ಮುಗಿಸಿದ್ದರು. ಬೆಂಗಳೂರಿಗೂ ಬೇಗ ಮಾಡಿ ಅಂತ ಹೈಕೋರ್ಟ್ ಆ ತಿಂಗಳೇ ಹೇಳಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು. ಯಾವ ಪಕ್ಷದ ಸರ್ಕಾರ ಅಂತ ಕೇಳಬೇಡಿ. ಆಗಿದ್ದವರು ಒಂದು ಪಕ್ಷ, ಆಮೇಲೆ ಬಂದವರು ಇನ್ನೊಂದು. ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಗೈಡ್ ಓದಿದ್ದಾರೆ.

ಅವರು ಉತ್ತರ ಬರೆದ ರೀತಿ ನೋಡಿದರೂ ಗೊತ್ತಾಗುತ್ತೆ. ಗೊತ್ತಿಲ್ಲದ ಪ್ರಶ್ನೆಗೆ ಹುಡುಗರು ಏನು ಮಾಡುತ್ತಾರೆ? ಪ್ರಶ್ನೆಯನ್ನೇ ತಿರುಗಿಸಿ ಬರೆದು ಅಡಿಷನಲ್ ಶೀಟ್ ಕೇಳುತ್ತಾರೆ. ಮೊದಲು 198 ವಾರ್ಡಿತ್ತು. ಅದನ್ನು 243 ಮಾಡಿದರು. ಇದೊಂದು ಚೆನ್ನಾಗಿತ್ತು, ವಿಧಿ 243, ವಾರ್ಡೂ 243, ಹುಡುಗರಿಗೆ ನೆನಪಿಡೋಕೆ ಸುಲಭ. ಆಮೇಲೆ 225 ಅಂದು ಅದನ್ನೂ ಕೆಡಿಸಿದರು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಇದ್ದದ್ದು ಐದಾಯ್ತು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಒಬ್ಬ ಮೇಯರ್ ಇಲ್ಲದ ಊರಲ್ಲಿ ಆ ಡಿಸೆಂಬರ್ ಹೊತ್ತಿಗೆ ಐದು ಜನ ಮೇಯರ್ ಇರಲಿಲ್ಲ. ಇದಕ್ಕೆ ಅಭಿವೃದ್ಧಿ ಅನ್ನದೆ ಏನನ್ನಬೇಕು?

ಮೇಯರ್ ಅವಧಿ ಗೈಡಿನಲ್ಲಿ ಒಂದು ವರ್ಷ ಅಂತಿದೆ. ಹೊಸ ಕಾನೂನಿನಲ್ಲಿ 30 ತಿಂಗಳು. ಖಾಲಿ ಖುರ್ಚಿಗೂ ಅವಧಿ ಜಾಸ್ತಿ ಮಾಡಿದ್ದಾರೆ.

ನಡುವೆ ನಮ್ಮ ಬೀದಿಯ ಚರಂಡಿ ಚಪ್ಪಡಿ ವಿಷಯ. ಒಡೆದು ಎರಡು ತಿಂಗಳಾಗಿತ್ತು. ಯಾರೋ ಪುಣ್ಯಾತ್ಮರು ಗುರುತಿಗೆ ಅಂತ ಬೇವಿನ ಕೊಂಬೆ ನೆಟ್ಟಿದ್ದರು. ಕಚೇರಿಗೆ ಹೋದರೆ ಆ್ಯಪ್‌ನಲ್ಲಿ ಹಾಕಿ ಅಂದರು. ಹಾಕಿದೆ. ಮೂರನೇ ದಿನ ಮೆಸೇಜ್ ಬಂತು: ದೂರು ಪರಿಹರಿಸಲಾಗಿದೆ. ಹೋಗಿ ನೋಡಿದೆ. ಕೊಂಬೆ ಹಾಗೇ ಇತ್ತು, ಎಲೆ ಮಾತ್ರ ಒಣಗಿತ್ತು. ಅವಳಿಗೆ ಮೆಸೇಜ್ ತೋರಿಸಿದೆ. "ಉಪಸಂಹಾರ ಸಖತ್ತಾಗಿದೆ ಮಾಮ," ಅಂದಳು.

ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದಾಗಿತ್ತು. ಕೊನೆಯ ಪ್ರಶ್ನೆ, ಮೇಯರ್‌ನ ಅಧಿಕಾರ ಮತ್ತು ಕಾರ್ಯಗಳು. ಪ್ರಾಕ್ಟೀಸಿಗೆ ಅಂತ ಬರೆಯುತ್ತಿದ್ದವಳು ಪೆನ್ನು ಕಚ್ಚಿಕೊಂಡು ಕೂತಳು.

"ಮಾಮ, ಒಂದು ಡೌಟು. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ ಅಂತ ಬರೀಲಾ, ವಹಿಸುತ್ತಿದ್ದರು ಅಂತ ಬರೀಲಾ?"

ವಹಿಸುತ್ತಾರೆ ಅಂದರೆ ಸುಳ್ಳು. ವಹಿಸುತ್ತಿದ್ದರು ಅಂದರೆ ನಿಜ, ಆದರೆ ಮಾರ್ಕ್ಸ್ ಹೋಗುತ್ತೆ. ನಾನೂ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಕನ್ನಡ ದೊಡ್ಡ ಭಾಷೆ, ಕೈ ಬಿಡಲಿಲ್ಲ.

"ವಹಿಸುವರು ಅಂತ ಬರಿ," ಅಂದೆ. "ದಿನಾಲೂ ಅಂತಾನೂ ಓದಬಹುದು, ಮುಂದೆ ಯಾವಾಗಲೋ ಅಂತಾನೂ ಓದಬಹುದು."

ಮುಖ ಅರಳಿತು. ಬರೆದಳು. ಸ್ಕೇಲ್ ಇಟ್ಟು, ಕಪ್ಪು ಪೆನ್ನಲ್ಲಿ ಎರಡು ಗೆರೆ ಎಳೆದಳು.