ಸೇತುವೆಯ ಬಣ್ಣ, ಅಜ್ಜಿಯ ಕೌದಿ

ಸಿಂಗಪುರದಲ್ಲಿ ಸಂಜೆ ವಾಕಿಂಗ್ ಹೋದಾಗಲೆಲ್ಲ ನಾನು ಆಲ್ಕಾಫ್ ಸೇತುವೆ ದಾಟಿಯೇ ಮನೆಗೆ ಬರುತ್ತೇನೆ. ಹಳೇ ಕಾಲದ ಸರಕು ದೋಣಿಯ ಆಕಾರ, 55 ಮೀಟರ್ ಉದ್ದ. ಮೈತುಂಬ ಬಣ್ಣದ ಉರುಟುಗಳು, ಒಟ್ಟು 2,350. ಇದಕ್ಕೆ ಬಣ್ಣ ಕೊಟ್ಟವರು ಕಲಾವಿದೆ ಪಸಿಟಾ ಅಬಾದ್. ಫಿಲಿಪ್ಪೀನ್ಸಿನ ಬಟಾನೆಸ್ ದ್ವೀಪದವರು, ಹುಟ್ಟಿದ್ದು 1946ರಲ್ಲಿ. ಕ್ಯಾನ್ಸರ್ ಚಿಕಿತ್ಸೆಯ ನಡುವೆಯೇ ಈ ಕೆಲಸ ಮುಗಿಸಿ, 2004ರ ಡಿಸೆಂಬರಿನಲ್ಲಿ ತೀರಿಕೊಂಡರು.

ಸೇತುವೆ ಇಷ್ಟವಾಗಿ ಅವರ ಬೇರೆ ಚಿತ್ರಗಳನ್ನೂ ಹುಡುಕಿಕೊಂಡು ಹೋದೆ. ಟ್ರಪುಂಟೊ ಅಂತ ಕರೆಯುತ್ತಾರೆ. ಕ್ಯಾನ್ವಾಸಿಗೆ ಬಣ್ಣ ಹಚ್ಚಿ, ಹಿಂದೆ ಬಟ್ಟೆ ಕೊಟ್ಟು, ನಡುವೆ ತುಂಬಿ, ಕೈಯಲ್ಲಿ ಹೊಲಿಯುವುದು. ಮೇಲೆ ಗುಂಡಿ, ಕವಡೆ, ಕನ್ನಡಿ ಚೂರು. ಹತ್ತಿರ ನಿಂತು ನೋಡಿದೆ. ಬಣ್ಣಗಳು ದಿಂಬಿನ ಹಾಗೆ ಉಬ್ಬಿವೆ. ಉಬ್ಬು ಮುಗಿಯುವಲ್ಲಿ ಜೋಳದ ಕಾಳಿನಷ್ಟು ಉದ್ದದ ಹೊಲಿಗೆ, ಸಾಲಾಗಿ.

ಆ ಹೊಲಿಗೆ ನನಗೆ ಗೊತ್ತು! ಧಾರವಾಡದ ಮನೆಯಲ್ಲಿ ಅದರ ಮೇಲೇ ಮಲಗಿ ಬೆಳೆದವನು ನಾನು.

ಅಜ್ಜಿ ಹಳೇ ಇಳಕಲ್ ಸೀರೆ, ಅಜ್ಜನ ಧೋತರ ಹರಿದು, ಹಾಸಲು ಹೊದೆಯಲು ಕೌದಿ ಹೊಲಿಯೋಕೆ ಪಡಸಾಲೆಯಲ್ಲಿ ಹರಡಿಕೊಂಡು ಕೂಡುತ್ತಿದ್ದಳು. ಕೆಂಪಿನ ಪಕ್ಕ ಹಸಿರು ಇಟ್ಟು ನೋಡುವುದು, ತೆಗೆಯುವುದು, ಮತ್ತೆ ಇಡುವುದು. ಯಾಕೆ ಅಂತ ಕೇಳಿದರೆ "ಹಿಂಗ ಚಂದ ಕಾಣತೈತಿ ನೋಡು" ಅಷ್ಟೇ. ಹೂವಿಲ್ಲ, ಹಕ್ಕಿಯಿಲ್ಲ, ಬರೀ ಬಣ್ಣ ಮತ್ತು ಆಕಾರ. ಅಮೂರ್ತ ಕಲೆ ಅಂದರೆ ಇದೇ ಅಲ್ವಾ?

ಪಸಿಟಾ ದೇಶದೇಶ ಸುತ್ತಿ ಹೆಂಗಸರ ಕೈಕೆಲಸವನ್ನು ಕಣ್ಣಿಟ್ಟು ಕಲಿತರು, ಅದನ್ನೇ ಚಿತ್ರ ಮಾಡಿದರು. ಹಾದಿ ಸುಲಭ ಇರಲಿಲ್ಲ. ಅವರ ದೇಶದ 'ಹತ್ತು ಶ್ರೇಷ್ಠ ಯುವಕರು' ಪ್ರಶಸ್ತಿ 1984ರಲ್ಲಿ ಮೊದಲ ಬಾರಿ ಹೆಣ್ಣಿಗೆ, ಅಂದರೆ ಇವರಿಗೆ, ಬಂದಾಗ ದೊಡ್ಡ ಗಲಾಟೆಯೇ ಆಯಿತು. ಆದರೂ 2023ರಲ್ಲಿ ಅಮೆರಿಕದ ವಾಕರ್ ಆರ್ಟ್ ಸೆಂಟರ್ ಅವರ ಜೀವಮಾನದ ಕೆಲಸವನ್ನು ಒಟ್ಟಿಗೆ ತೋರಿಸಿತು.

ನಮ್ಮಲ್ಲಿ? ಅಜ್ಜಿಯ ಕೊನೆಯ ಕೌದಿಯನ್ನು ಪಾತ್ರೆಯವನಿಗೆ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡರು. ಯಾರಿಗೂ ತಪ್ಪು ಅನಿಸಲಿಲ್ಲ. ನನಗೂ ಆಗ ಅನಿಸಲಿಲ್ಲ, ಈಗ ಹೊಟ್ಟೆ ಉರಿಯುತ್ತದೆ. ಕೌದಿಯನ್ನು ಗೋಡೆಗೇ ತೂಗುಹಾಕಿ ಅಂತ ನಾನು ಹೇಳುತ್ತಿಲ್ಲ. ಹೊದ್ದುಕೊಳ್ಳಿ. ಆದರೆ ಹೊಲಿದವಳು ಯಾರು ಅನ್ನುವುದು ಮನೆಯವರಿಗಾದರೂ ನೆನಪಿರಬೇಕು.

ಹೋದ ರಜೆಯಲ್ಲಿ ಊರಿಗೆ ಹೋದಾಗ ಚಿಗವ್ವ ಹೊಸದೊಂದು ಕೌದಿ ಮುಗಿಸುತ್ತಿದ್ದಳು. ಮೂಲೆಯಲ್ಲಿ ನಿನ್ನ ಹೆಸರು ಹೊಲಿ ಅಂದೆ. ನಾಚಿಕೊಂಡಳು. ಆಮೇಲೆ ಪೆಟ್ಟಿಗೆಯಲ್ಲಿ ಹುಡುಕಿ, ಇದ್ದುದರಲ್ಲೇ ಕೆಂಪು ದಾರ ಆರಿಸಿಕೊಂಡಳು.